ಒಂದು ಗಿಡ್ಡ ಕೋವಿಯ ಚರಿತ್ರೆ

ದಟ್ಟಡವಿಯಲ್ಲಿ ಎಲ್ಕ್, ಕರಡಿಗಳನ್ನು ಅರಸಿ ದಿನವಿಡೀ ಬೆಟ್ಟವೇರುವವನಿಗೆ ನೀಳವಾದ ಕೋವಿ ಹೊರೆಯೇ ಸರಿ. ಗಿಡ್ಡ ಕೋವಿಗಾದರೋ ಮಹಾಮೃಗವನ್ನು ಕೆಡಹುವ ಬಲ ಸಾಲದೆಂಬ ಅಪಖ್ಯಾತಿ. ಈ ತೊಡಕನ್ನು ಬಿಡಿಸಲು ಅಮೆರಿಕದ ರೆಮಿಂಗ್ಟನ್ ಕಾರ್ಖಾನೆಯವರು 1965ರಲ್ಲಿ ‘ಮಾಡೆಲ್ 600 ಮ್ಯಾಗ್ನಂ’ ಎಂಬ ಬೋಲ್ಟಿನ ರೈಫಲನ್ನು ಹೊರತಂದರು. ಹಾಲಂಡ್ ಅಂಡ್ ಹಾಲಂಡರು 1912ರಲ್ಲಿ ಪ್ರಸಿದ್ಧಿಗೆ ತಂದ, ಬುಡದಲ್ಲಿ ಪಟ್ಟಿಯುಳ್ಳ ತೋಟಾದ ಮಾದರಿಯನ್ನೇ ಮೊಟಕುಗೊಳಿಸಿ ಇದಕ್ಕೆ .350ರ ತೋಟಾವನ್ನು ಅಳವಡಿಸಿದರು. ನಳಿಗೆಯ ಉದ್ದ ಹದಿನೆಂಟೂವರೆ ಅಂಗುಲ. ತೂಕ ಸುಮಾರು ಆರೂವರೆ ಪೌಂಡು.

ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದ್ದಿತು. ಆದರೆ ಹಗುರವಾದ ಕೋವಿಯಲ್ಲಿ ಬಲವಾದ ಮದ್ದನ್ನು ಸುಟ್ಟರೆ ಅದರ ಒದೆತವನ್ನು ತಾಳಬೇಕಾದುದು ಭುಜವಲ್ಲವೆ? ಹಿಡಿ ಸೀಳದಿರಲೆಂದು ಮರದ ಪದರಗಳನ್ನು ಅಂಟಿಸಿದ್ದರು. ಭುಜಕ್ಕೆ ರಬ್ಬರಿನ ಮೆತ್ತೆಯೊಂದೇ ಆಸರೆ. ಒದೆತಕ್ಕೆ ಅಂಜಿದವನ ಗುರಿ ತಪ್ಪುವುದು. ಗಾಯಗೊಂಡ ಮೃಗವು ಕಾಡಿನೊಳಗೆ ನರಳಿ ಸಾಯುವುದು. ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ಇದನ್ನೇ ಎಂದು ನನ್ನ ಮತ. ಇದಲ್ಲದೆ ಗಿಡ್ಡ ನಳಿಗೆಯಿಂದ ಗುಂಡಿನ ವೇಗ ಕುಗ್ಗಿ ಸದ್ದು ಹೆಚ್ಚಿತು.

ಜೆಫ್ ಕೂಪರನಂಥ ನುರಿತವರು ಮೆಚ್ಚಿದರೂ 1968ರಲ್ಲಿ ಇದರ ತಯಾರಿಕೆ ನಿಂತಿತು. ಇದರ ಉತ್ತರಾಧಿಕಾರಿಯಾದ 660ಕ್ಕೆ ಇಪ್ಪತ್ತಂಗುಲದ ನಳಿಗೆಯಿದ್ದಿತು. 2003ರಲ್ಲಿ ಇದೇ ಚಹರೆಯಲ್ಲಿ ಮರಳಿ ಬಂದ 673ರ ನಳಿಗೆ ಇಪ್ಪತ್ತೆರಡು ಅಂಗುಲಕ್ಕೆ ಬೆಳೆದಿತ್ತು.