ಎದುರುಬದುರು ಡಿಕ್ಕಿ, ಪರಿಹಾರದ ಹಾದಿ

ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಹಾಯುವ ಪುಣೆ–ಬೆಂಗಳೂರು ಹೆದ್ದಾರಿ ಚತುಷ್ಪಥವಾಗುವ ಮುನ್ನ, ಬ್ಯಾಡಗಿಯ ಮೆಣಸಿನಕಾಯಿ ಲಾರಿಯೂ ಎದುರಿನ ಬಸ್ಸೂ ಒಂದೇ ಡಾಂಬರು ಪಟ್ಟಿಯಲ್ಲಿ ಓಡಬೇಕಿತ್ತು. ಹಿಂದಿಕ್ಕುವ ಆತುರಕ್ಕೆ ಮುಖಾಮುಖಿ ಡಿಕ್ಕಿಯೇ ದಂಡ.

ಪರಿಹಾರದ ಹಾದಿ ಇನ್ನೂ ಕಿರಿದು. ಆಗ ಹಾವೇರಿಯನ್ನೂ ಒಳಗೊಂಡಿದ್ದ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ, 1939ರ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ಕ್ಲೇಮು ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. ಆದರೂ ಚಾಲಕನ ತಪ್ಪು ಸಾಬೀತಾಗಬೇಕಿತ್ತು. ಇಬ್ಬರೂ ಚಾಲಕರು ಒಬ್ಬರತ್ತ ಒಬ್ಬರು ಬೆರಳು ತೋರಿದರೆ? ತಪ್ಪು ಯಾರದೆಂದು ಕೇಳದೆ ಕೊಡುವ ಮೊತ್ತ 1982ರಲ್ಲಿ ಬಂತು: ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. ಜುಜುಬಿಯೇ ಸರಿ.



ಪರಿಹಾರ ಕೋರುವ ಅರ್ಜಿಯ ಗಡುವನ್ನು 1994ರಲ್ಲಿ ತೆಗೆಯಲಾಗಿತ್ತು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಮರಳಿದೆ. ಗಾಯಾಳುಗಳು ಆಸ್ಪತ್ರೆಯ ಕಾಗದಪತ್ರ ಜೋಪಾನವಾಗಿಟ್ಟು, ತಡಮಾಡದೆ ಅರ್ಜಿ ಹಾಕಲಿ.