ನದಿ ನಿದ್ದೆ ಮಾಡುತ್ತಿದೆಯೇ? ನಗೆಕಥೆ ಓದಿ ಭಾಷೆ ಕಲಿತವರು

ಪೆದ್ದ ಗುರು, ಅವನಷ್ಟೇ ಪೆದ್ದರಾದ ಐವರು ಶಿಷ್ಯರು. ನದಿ ದಾಟಬೇಕು. ನದಿ ಎಚ್ಚರವಾಗಿದ್ದರೆ ಗತಿಯೇನು? ಒಬ್ಬ ಉರಿಯುವ ಕೊಳ್ಳಿಯನ್ನು ನೀರಿಗೆ ಅದ್ದಿದ. 'ಚುಂಯ್' ಎಂದಿತು. ಎಚ್ಚರವಾಗಿದೆ ಎಂದು ಓಡಿಬಂದ! ಆಮೇಲೆ ಆರಿದ ಕೊಳ್ಳಿ ಅದ್ದಿದರೆ ಸದ್ದಿಲ್ಲ. ನದಿ ಮಲಗಿದೆ ಎಂದು ದಾಟಿದರು. ದಡದಲ್ಲಿ ಎಣಿಸಿದರೆ ಐದೇ ತಲೆ, ಎಣಿಸುವವನು ತನ್ನನ್ನೇ ಬಿಟ್ಟಿದ್ದ.

ಇದನ್ನು ತಮಿಳಿನಲ್ಲಿ ಬರೆದವರು ಇಟಲಿಯ ಪಾದ್ರಿ ಬೆಸ್ಕಿ (1680-1747), ತಮಿಳರ ವೀರಮಾಮುನಿವರ್. ಆಡುಮಾತಿನ ತಮಿಳಿಗೆ ವ್ಯಾಕರಣವನ್ನೂ ಬರೆದ ಅವರ 'ಪರಮಾರ್ಥ ಗುರುವಿನ ಕಥೆ' ಭಾಷೆ ಕಲಿಯುವ ಪರದೇಶಿಗಳ ಓದಿಗೆ ಒದಗಿತು. 1822ರಲ್ಲಿ ಬೆಂಜಮಿನ್ ಬ್ಯಾಬಿಂಗ್ಟನ್ ಇದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ತಮಿಳು ಮೂಲ, ಇಂಗ್ಲಿಷ್ ಅನುವಾದ, ಪದಕೋಶ, ಮೊದಲ ಕಥೆಯ ಪದಪದದ ವಿಶ್ಲೇಷಣೆ, ಎಲ್ಲವೂ ಒಂದೇ ಪುಸ್ತಕದಲ್ಲಿ.

ನಮಗೇಕೆ ಈ ಕಥೆ? 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಗೆ ಸೇರಿತು. ಹನೂರು ಸೀಮೆಯೂ ಸೇರಿ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ 1956ರವರೆಗೆ ಮದ್ರಾಸಿಗೆ ಒಳಪಟ್ಟಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಮದ್ರಾಸಿನ ಗೋರಾ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲೆಂದೇ 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಶುರುವಾಯಿತು. ರೈತನ ಅರ್ಜಿ ಅರ್ಥವಾಗದವನು ಕಂದಾಯ ವಸೂಲಿ ಮಾಡುವುದಾದರೂ ಹೇಗೆ?

ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ದುಬುವಾ 1826ರಲ್ಲಿ ಇದೇ ಕಥೆಗಳನ್ನು ಪಂಚತಂತ್ರದ ಜೊತೆ ಫ್ರೆಂಚಿಗೆ ತಂದರು. ಬೆಸ್ಕಿಯ ಹೆಸರೇ ಗೊತ್ತಿಲ್ಲದ ಕಡೆಯೂ ಇವು ಜನರ ಬಾಯಲ್ಲಿದ್ದವು, ಹಾಗಾಗಿ ಇವು ಇಲ್ಲಿನವೇ ಎಂಬುದು ಅವರ ವಾದ. ಒಪ್ಪುವಂತಹ ಮಾತೇ. ತನ್ನನ್ನು ಬಿಟ್ಟು ಎಣಿಸುವ 'ಹತ್ತನೆಯವನು ನೀನೇ' ದೃಷ್ಟಾಂತ ಅದ್ವೈತದ ಗ್ರಂಥಗಳಲ್ಲಿ ಬೆಸ್ಕಿಗಿಂತ ಎಷ್ಟೋ ಮೊದಲೇ ಇದೆ.

ಇಂಥ ಕಥೆಯಲ್ಲಿ ವಾಕ್ಯ ಸಣ್ಣದು, ಮಾತು ಮತ್ತೆ ಮತ್ತೆ ಬರುತ್ತದೆ. ಎಣಿಕೆ, ಬೆಲೆ, ಎತ್ತು, ಕುದುರೆ, ಕುಂಬಳಕಾಯಿ, ಎಲ್ಲ ದಿನಬಳಕೆಯ ಪದಗಳು. ಎಲ್ಲಕ್ಕಿಂತ ಮುಖ್ಯವಾಗಿ, ಓದುಗ ನಕ್ಕರೆ ಅರ್ಥವಾಯಿತೆಂದೇ ಲೆಕ್ಕ. ಬೇರೆ ಪರೀಕ್ಷೆ ಬೇಡ.

ಇಂದು ಮಾರ್ಟಳ್ಳಿಯಲ್ಲಿ ಮನೆಮಾತು ತಮಿಳು, ಒಡೆಯರಪಾಳ್ಯದ ವಸತಿಯಲ್ಲಿ ಟಿಬೆಟನ್, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗ ನುಡಿ. ಇಲ್ಲಿನ ಮಕ್ಕಳಿಗೆ ಪಠ್ಯದ ಕನ್ನಡ ಮನೆಯ ಮಾತಲ್ಲ. ಆ ಕನ್ನಡದಲ್ಲಿ ಹಿಂದೆ ಬಿದ್ದ ಮಗು ಗಣಿತ, ವಿಜ್ಞಾನದಲ್ಲೂ ಹಿಂದೆ ಬೀಳುತ್ತದೆ. ಕಂದಾಯ ವಸೂಲಿಗೆ ಬಂದ ದೊರೆಗಳಿಗೆ ನಗಿಸಿ ಭಾಷೆ ಕಲಿಸಿದ ನಾಡು ಇದು. ನಮ್ಮ ಮಕ್ಕಳಿಗೆ ವ್ಯಾಕರಣಕ್ಕೆ ಮೊದಲು ನಾಲ್ಕು ಪೆದ್ದರ ಕಥೆ ಕೊಟ್ಟರೆ ನಷ್ಟವೇನು ಎಂಬುದು ನಮ್ಮ ಪ್ರಶ್ನೆ.