ಬಡವರ ಅಗುಳಿ, ಸಿರಿವಂತರ ಬಾಗಿಲು

ಹಳೆಯ ಮನೆಗಳ ಬಾಗಿಲ ಹಿಂದೆ ಮರದ ಅಗುಳಿ ಇರುತ್ತಿತ್ತಲ್ಲ, ಅದೇ ಹೆಸರಿನ ಆಟದ ತಂತ್ರವೊಂದು ಫುಟ್‌ಬಾಲ್‌ನಲ್ಲಿದೆ. ಇಟಲಿಯವರು ಅದನ್ನು 'ಕತೆನಾಚ್ಚೊ' ಎನ್ನುತ್ತಾರೆ. ಅರ್ಥ, ಬಾಗಿಲ ಅಗುಳಿ. ಮೊದಲು ಗೋಲು ಬಿಡಬೇಡ, ಎದುರಾಳಿ ಮುಂದೆ ಬಂದು ಹಿಂದೆ ಜಾಗ ಬಿಟ್ಟಾಗ ಓಡಿಹೋಗಿ ಹೊಡೆ, ಇಷ್ಟೇ ಅದರ ಸಾರ. ಪುಕ್ಕಲರ ಆಟ ಎಂದು ಇದನ್ನು ಬೈದವರು ಬಹಳ. ಆದರೆ ಇದು ಹುಟ್ಟಿದ್ದು ಕೈಲಾಗದವರ ಅಂಗಳದಲ್ಲಿ ಎಂಬುದನ್ನು ನಾವು ಮರೆಯಬಾರದು.

1930ರ ದಶಕ. ಕಾರ್ಲ್ ರಾಪನ್ ಎಂಬ ಆಸ್ಟ್ರಿಯಾದವರು ಸ್ವಿಟ್ಜರ್ಲೆಂಡ್‌ನ ಜಿನೀವಾದಲ್ಲಿ ಸರ್ವೆಟ್ ತಂಡದ ಕೋಚ್ ಆಗಿದ್ದರು. ಅಲ್ಲಿನ ಆಟಗಾರರಿಗೆ ಫುಟ್‌ಬಾಲೇ ಪೂರ್ತಿ ಕಸುಬಲ್ಲ. ದಿನವಿಡೀ ಆಡುವುದನ್ನೇ ಕೆಲಸ ಮಾಡಿಕೊಂಡವರ ಎದುರು ಅವರ ಕಾಲು ಸೋಲುತ್ತಿತ್ತು. ಆಗೆಲ್ಲ ಹಿಂದೆ ನಿಲ್ಲುತ್ತಿದ್ದವರು ಇಬ್ಬರೇ. ರಾಪನ್ ಮಧ್ಯದಿಂದ ಇನ್ನಿಬ್ಬರನ್ನು ಹಿಂದಕ್ಕೆ ಎಳೆದು ಎರಡು ಬದಿಗೆ ನಿಲ್ಲಿಸಿದರು. ನಡುವಿನ ಇಬ್ಬರಲ್ಲಿ ಒಬ್ಬ ಎದುರಾಳಿಯನ್ನು ತಡೆದರೆ, ಇನ್ನೊಬ್ಬ ಅವನ ಬೆನ್ನಿಗೆ ಕಾವಲು. ತಪ್ಪಿಸಿಕೊಂಡು ಬಂದವನನ್ನು ಹಿಡಿಯಲು ಸದಾ ಒಬ್ಬ ಹೆಚ್ಚುವರಿ ಆಳು ಎಂದಾಯಿತು.

1938ರ ವಿಶ್ವಕಪ್‌ನಲ್ಲಿ ರಾಪನ್ ಅವರ ಸ್ವಿಸ್ ತಂಡಕ್ಕೆ ಎದುರಾದದ್ದು ಜರ್ಮನಿ. ಅದೇ ವರ್ಷ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಅಲ್ಲಿನ ಆಟಗಾರರೂ ಜರ್ಮನಿಯ ತಂಡದಲ್ಲಿದ್ದರು. ಮೊದಲ ಪಂದ್ಯ 1-1 ಸಮ. ಪ್ಯಾರಿಸ್‌ನಲ್ಲೇ ನಡೆದ ಮರುಪಂದ್ಯದಲ್ಲಿ ಸ್ವಿಸ್ ತಂಡ ಎರಡು ಗೋಲು ಹಿಂದೆ ಬಿದ್ದಿತು. ಎದೆಗುಂದಲಿಲ್ಲ. 4-2ರಿಂದ ಗೆದ್ದು ಜರ್ಮನಿಯನ್ನು ಮನೆಗೆ ಕಳಿಸಿತು.

ಯುದ್ಧ ಮುಗಿದ ಮೇಲೆ ಈ ಅಗುಳಿ ಇಟಲಿಗೆ ಬಂತು. ಗಡಿಯೂರು ತ್ರಿಯೆಸ್ತೆಯ ತಂಡ ತ್ರಿಯೆಸ್ತೀನಾ 1946-47ರ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಅದೇ ಊರಿನ ನೆರೆಯೊ ರೊಕ್ಕೊ ಕೋಚ್ ಆದರು, ಹಿಂಬದಿಗೆ ಒಬ್ಬ ಕಾವಲುಗಾರನನ್ನು ಸೇರಿಸಿದರು. ಮರುವರ್ಷ ಅದೇ ತಂಡ ಯುವೆಂಟಸ್, ಮಿಲಾನ್ ಎಂಬ ದೊಡ್ಡ ತಂಡಗಳ ಸಮಕ್ಕೆ ಎರಡನೇ ಸ್ಥಾನಕ್ಕೆ ಏರಿತು.

ಬಡವರ ಉಪಾಯ ಫಲ ಕೊಟ್ಟರೆ ಸಿರಿವಂತರು ಸುಮ್ಮನಿರುತ್ತಾರೆಯೇ? 1960ರಲ್ಲಿ ಹೆಲೆನಿಯೊ ಹೆರೆರಾ ಮಿಲಾನ್ ನಗರದ ಇಂಟರ್ ತಂಡಕ್ಕೆ ಕೋಚ್ ಆಗಿ ಬಂದರು. ತಂಡದ ಅಧ್ಯಕ್ಷರು ತೈಲೋದ್ಯಮಿ, ದುಡ್ಡಿಗೆ ಬರವಿಲ್ಲ. ನಾಯಕ ಪಿಕ್ಕಿ ಎಲ್ಲರ ಹಿಂದೆ ನಿಂತು ಉಳಿದ ಚೆಂಡನ್ನೆಲ್ಲ ಗುಡಿಸುತ್ತಿದ್ದರು. ಸುವಾರೆಸ್ ಮಧ್ಯದಿಂದ ಉದ್ದನೆಯ ಪಾಸ್ ಕೊಡುತ್ತಿದ್ದರು. ಡಿಫೆಂಡರ್ ಆಗಿದ್ದ ಫಕ್ಕೆತ್ತಿ ಎಡಬದಿಯಿಂದ ನುಗ್ಗಿ ಗೋಲನ್ನೂ ಹೊಡೆಯುತ್ತಿದ್ದರು. 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಇಂಟರ್ ಪಾಲಾಯಿತು. ಒಂದು ಗೋಲು ಹೊಡೆದು ಬಾಗಿಲು ಹಾಕಿಕೊಳ್ಳುತ್ತಾರೆ ಎಂಬ ಕೆಟ್ಟ ಹೆಸರೂ ಅಂಟಿತು. ಎಲ್ಲ ಇದ್ದವರೂ ಅಗುಳಿ ಹಾಕಿದರೆ ನೋಡುವವರಿಗೆ ಸಿಟ್ಟು ಬರದೆ ಇರುತ್ತದೆಯೇ!

1967ರ ಮೇ 25, ಲಿಸ್ಬನ್‌ನಲ್ಲಿ ಮತ್ತೆ ಫೈನಲ್. ಎದುರಿಗೆ ಸ್ಕಾಟ್ಲೆಂಡ್‌ನ ಸೆಲ್ಟಿಕ್. ಅವರ ಆಟಗಾರರೆಲ್ಲ ಗ್ಲಾಸ್ಗೊ ನಗರದ ಸುತ್ತ 30 ಮೈಲಿಯೊಳಗೆ ಹುಟ್ಟಿದವರು. ಶುರುವಿನಲ್ಲೇ ಪೆನಾಲ್ಟಿಯಿಂದ ಗೋಲು ಪಡೆದ ಇಂಟರ್ ಬಾಗಿಲು ಹಾಕಿಕೊಂಡಿತು. ಸೆಲ್ಟಿಕ್ ಬಾಗಿಲು ಬಡಿಯುತ್ತಲೇ ಇತ್ತು. ಗೆಮ್ಮೆಲ್ ಸಮ ಮಾಡಿದರು, ಕೊನೆಯ ಹೊತ್ತಿಗೆ ಚಾಮರ್ಸ್ ಇನ್ನೊಂದು ಸೇರಿಸಿದರು. 2-1. ಅಗುಳಿ ಮುರಿದಿತ್ತು.

ಆ ತಂತ್ರ ಅಲ್ಲಿಗೇ ಸತ್ತಿತು ಎಂದಲ್ಲ. ಬಲಾಢ್ಯರೆದುರು ಇಳಿಯುವ ಸಣ್ಣ ತಂಡಗಳು ಇಂದಿಗೂ ಹಿಂದೆ ಗುಂಪುಗೂಡಿ, ಸಮಯ ಕಾದು ಓಡುತ್ತವೆ. ಅಂಥ ತಂಡವನ್ನು ಟಿವಿಯಲ್ಲಿ ಕಂಡಾಗ ಪುಕ್ಕಲರು ಎನ್ನುವ ಮೊದಲು, ಆ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನೂ ನೋಡೋಣ.